ನಮ್ಮೂರಿನ ಮೇಲೆ ಬರೆದ ಥೀಸಿಸ್ ನಮ್ಮ ಫೋನಿಗೆ ಬಂದ ಕತೆ

ನಮ್ಮ ಹಳ್ಳಿಗಳಿಗೆ ಬಂದು ಹೋದ ಸಂಶೋಧಕರು ಕಡಿಮೆಯೇನಲ್ಲ. ಐವತ್ತು ಅರವತ್ತು ವರ್ಷಗಳಿಂದ ಹೆಗಲಿಗೆ ಚೀಲ ಹಾಕಿಕೊಂಡು, ಕೈಯಲ್ಲಿ ನೋಟ್‌ಬುಕ್ಕು ಹಿಡಿದು, ಕೆಲವರು ಟೇಪ್ ರೆಕಾರ್ಡರ್ ಹೊತ್ತು ಬಂದಿದ್ದಾರೆ. ಸೋಬಾನೆ ಪದ ಹೇಳುವ ಅಜ್ಜಿಯ ಪಕ್ಕ ಕೂತು ಹಾಡು ಬರೆದುಕೊಂಡಿದ್ದಾರೆ. ಕೆರೆಗೆ ನೀರುಗಂಟಿ ಯಾರು, ಜಾತ್ರೆಯಲ್ಲಿ ಮೊದಲ ವೀಳ್ಯ ಯಾರಿಗೆ, ಎಕರೆಗೆ ಎಷ್ಟು ರಾಗಿ, ಮಗಳ ಮದುವೆಗೆ ಎಷ್ಟು ಸಾಲ ಅಂತ ಕೇಳಿದ್ದಾರೆ. ಊರಿನವರು ಕಾಫಿ ಕೊಟ್ಟು, ಊಟಕ್ಕೆ ಕೂರಿಸಿ, ಗೊತ್ತಿದ್ದದ್ದನ್ನೆಲ್ಲ ಹೇಳಿ ಕಳಿಸಿದ್ದಾರೆ.

ಆಮೇಲೆ ಏನಾಯಿತು? ಅವರು ಮುನ್ನೂರು ನಾನ್ನೂರು ಪುಟ ಬರೆದರು. ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದರು. ಹೆಸರಿನ ಹಿಂದೆ 'ಡಾ.' ಬಂತು. ಆ ಪುಟಗಳು ಮಾತ್ರ ಊರಿಗೆ ಬರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಅನ್ನುವ ಹಾಗೆ, ಯಾರ ಬದುಕಿನ ಬಗ್ಗೆ ಬರೆದರೋ ಅವರೇ ಅದನ್ನು ನೋಡಲಿಲ್ಲ.

ಇವತ್ತು ಆ ಪರಿಸ್ಥಿತಿ ಸ್ವಲ್ಪ ಬದಲಾಗಿದೆ. ಲಕ್ಷಗಟ್ಟಲೆ ಪಿಎಚ್.ಡಿ. ಪ್ರಬಂಧಗಳು ಫೋನಿನಲ್ಲೇ, ದುಡ್ಡಿಲ್ಲದೆ ಓದಲು ಸಿಗುತ್ತವೆ. ಇದು ಯಾರೋ ಒಂದು ಬಟನ್ ಒತ್ತಿದ್ದರಿಂದ ಆದದ್ದಲ್ಲ. ವಿಶ್ವವಿದ್ಯಾಲಯದೊಳಗೆ ಒಬ್ಬರಿಗೊಬ್ಬರು ಮಾತಾಡದ ವಿಭಾಗಗಳು ಒಂದು ಮೇಜಿನ ಸುತ್ತ ಕೂರಬೇಕಾಯಿತು. ನಮ್ಮ ದೇಶದ ಮಟ್ಟಿಗೆ ಆ ಕೆಲಸದ ಮೊದಲ ದೊಡ್ಡ ಪ್ರಯತ್ನ ನಡೆದದ್ದು ನಮ್ಮ ಮೈಸೂರಿನಲ್ಲೇ.

ಕಪಾಟಿನ ಕಾಲ

ಮೊದಲು ಥೀಸಿಸ್ ಹೇಗೆ ತಯಾರಾಗುತ್ತಿತ್ತು ಅಂತ ನೋಡೋಣ. ಸಂಶೋಧಕರು ಕೈಯಲ್ಲಿ ಬರೆಯುತ್ತಿದ್ದರು. ಟೈಪಿಸ್ಟು ನಡುವೆ ಕಾರ್ಬನ್ ಕಾಗದ ಇಟ್ಟು ಟೈಪು ಮಾಡುತ್ತಿದ್ದರು. ಮೇಲಿನ ಪ್ರತಿ ಕಪ್ಪಗೆ ಮೂಡಿದರೆ ಕೆಳಗಿನದು ಮಸಕು. ನಾಲ್ಕೈದು ಪ್ರತಿ ಆದಮೇಲೆ ರೆಕ್ಸಿನ್ ಬೈಂಡು, ಮೇಲೆ ಚಿನ್ನದ ಬಣ್ಣದ ಅಕ್ಷರ. ಪರೀಕ್ಷಕರಿಗೆ ಹೋಗಿ ಬಂದು, ಒಂದು ಪ್ರತಿ ಲೈಬ್ರರಿಗೆ, ಒಂದು ವಿಭಾಗಕ್ಕೆ, ಒಂದು ಗೈಡಿಗೆ, ಒಂದು ಬರೆದವರ ಮನೆಗೆ. ಕತೆ ಅಲ್ಲಿಗೆ ಮುಗಿಯುತ್ತಿತ್ತು.

ಕೆಲವು ಪ್ರಬಂಧಗಳಿಗೆ ಪುಸ್ತಕವಾಗುವ ಭಾಗ್ಯ ಇತ್ತು. ಚನ್ನಗಿರಿ ತಾಲ್ಲೂಕಿನ ಹಿರೇಕೋಗಲೂರಿನಲ್ಲಿ ಹುಟ್ಟಿದ ಎಂ. ಚಿದಾನಂದಮೂರ್ತಿಯವರ ಪಿಎಚ್.ಡಿ. ಪ್ರಬಂಧ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' 1966ರಲ್ಲಿ ಮೈಸೂರು ವಿಶ್ವವಿದ್ಯಾಲಯದಿಂದಲೇ ಅಚ್ಚಾಯಿತು. ಊರಿನ ಕಲ್ಲು, ವೀರಗಲ್ಲು, ಮಾಸ್ತಿಗಲ್ಲುಗಳನ್ನು ಹೇಗೆ ಓದಬೇಕು ಅನ್ನುವುದನ್ನು ಎಷ್ಟೋ ಜನ ಆ ಪುಸ್ತಕದಿಂದ ಕಲಿತರು. ಆದರೆ ಅಚ್ಚಿನ ಮನೆ ಕಾಣದೆ ಕಪಾಟಿನಲ್ಲೇ ಉಳಿದ ಪ್ರಬಂಧಗಳ ಸಾಲು ಬಹಳ ಉದ್ದದ್ದು.

ಕಪಾಟಿನಲ್ಲಿ ಇದೆ ಅನ್ನುವುದು ಗೊತ್ತಾಗುವುದೂ ಕಷ್ಟವಿತ್ತು. ಭಾರತೀಯ ವಿಶ್ವವಿದ್ಯಾಲಯಗಳ ಸಂಘ ಪಿಎಚ್.ಡಿ. ಪ್ರಬಂಧಗಳ ಪಟ್ಟಿಯನ್ನು ಅಚ್ಚು ಮಾಡಿ ಹೊರತರುತ್ತಿತ್ತು. ಪ್ರಬಂಧದ ಹೆಸರು, ಬರೆದವರು, ಯಾವ ವಿಶ್ವವಿದ್ಯಾಲಯ, ಇಷ್ಟು ತಿಳಿಯುತ್ತಿತ್ತು. ಒಳಗೆ ಏನಿದೆ ಅಂತ ತಿಳಿಯಬೇಕಾದರೆ ಬಸ್ಸು ಹತ್ತಿ ಆ ಊರಿಗೆ ಹೋಗಬೇಕು, ಪತ್ರ ತೋರಿಸಬೇಕು, ಲೈಬ್ರರಿಯಲ್ಲೇ ಕೂತು ಓದಬೇಕು. ಜೆರಾಕ್ಸಿಗೆ ಅನುಮತಿ ಸಿಕ್ಕರೆ ಸಿಕ್ಕಿತು.

ಅಮೆರಿಕದಲ್ಲಿ ಇದಕ್ಕೆ ಬೇರೆ ದಾರಿ ಹುಡುಕಿದ್ದರು. 1938ರಲ್ಲಿ ಆನ್ ಆರ್ಬರ್ ಎಂಬ ಊರಿನಲ್ಲಿ ಯೂಜೀನ್ ಪವರ್ ಎಂಬವರು ಯೂನಿವರ್ಸಿಟಿ ಮೈಕ್ರೋಫಿಲ್ಮ್ಸ್ ಕಂಪನಿ ಶುರುಮಾಡಿದರು. ಪ್ರಬಂಧದ ಪ್ರತಿ ಪುಟವನ್ನೂ ಪುಟ್ಟ ಫಿಲ್ಮಿನ ಮೇಲೆ ಫೋಟೋ ತೆಗೆದಿಟ್ಟು, ಕೇಳಿದವರಿಗೆ ಪ್ರತಿ ಮಾಡಿ ಮಾರುವ ವ್ಯವಸ್ಥೆ ಅದು. ನಮ್ಮಲ್ಲಿ ಅಂಥದ್ದು ಅಷ್ಟು ದೊಡ್ಡದಾಗಿ ಬೆಳೆಯಲಿಲ್ಲ.

ಆ ಪುಟಗಳಲ್ಲಿ ಏನಿರುತ್ತದೆ?

'ಥೀಸಿಸ್ ಅಂದರೆ ದೊಡ್ಡವರ ವಿಷಯ, ನಮಗೇಕೆ' ಅಂತ ಅನ್ನಿಸಬಹುದು. ಒಂದು ಉದಾಹರಣೆ ನೋಡಿ.

1954ರಲ್ಲಿ ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ಸಂಶೋಧಕಿ ಮಂಡ್ಯ ಸೀಮೆಗೆ ಬಂದರು. ವಿಯೆನ್ನಾದಲ್ಲಿ ಹುಟ್ಟಿ, ಹಿಟ್ಲರನ ಕಾಟದಿಂದ ತಪ್ಪಿಸಿಕೊಂಡು ಇಂಗ್ಲೆಂಡ್ ಸೇರಿದ್ದವರು. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಪಿಎಚ್.ಡಿ.ಗಾಗಿ ಎರಡು ಹಳ್ಳಿಗಳಲ್ಲಿ ಇದ್ದು ಅಧ್ಯಯನ ಮಾಡಿದರು. ಹಳ್ಳಿಗಳ ನಿಜ ಹೆಸರು ಮರೆಮಾಡಿ ಒಂದಕ್ಕೆ 'ವಂಗಲ', ಇನ್ನೊಂದಕ್ಕೆ 'ದಲೇನ' ಅಂತ ಹೆಸರಿಟ್ಟರು.

ವಂಗಲಕ್ಕೆ ವಿಶ್ವೇಶ್ವರಯ್ಯ ನಾಲೆಯ ನೀರು ಬಂತು. ಕಬ್ಬು ಬೆಳೆದರು, ಮಂಡ್ಯದ ಸಕ್ಕರೆ ಕಾರ್ಖಾನೆಗೆ ಹಾಕಿದರು. ದಲೇನದ ಹೊಲಗಳು ಎತ್ತರದಲ್ಲಿದ್ದವು, ನೀರು ಹತ್ತಲಿಲ್ಲ. ಸುತ್ತಮುತ್ತ ಎಲ್ಲ ಹಸಿರು, ನಡುವೆ ಒಣ ಊರು. ಆದರೆ ದಲೇನದ ಜನ ಸುಮ್ಮನೆ ಕೂರಲಿಲ್ಲ. ಪಕ್ಕದ ಊರುಗಳಲ್ಲಿ ಗದ್ದೆ ಕೊಂಡರು, ಹಿಟ್ಟಿನ ಗಿರಣಿ ಹಾಕಿದರು, ಮಂಡ್ಯದಲ್ಲಿ ಕೆಲಸಕ್ಕೆ ಸೇರಿದರು. ಕಡೆಗೆ ಎಪ್‌ಸ್ಟೀನ್ ಕಂಡದ್ದು ಇದು: ನೀರು ಬಂದ ಊರಿನಲ್ಲಿ ಕೈಗೆ ದುಡ್ಡು ಬಂದರೂ ಒಕ್ಕಲು, ಆಳು, ಜಾತಿಯ ಹಳೇ ಕಟ್ಟುಗಳು ಬಹುಮಟ್ಟಿಗೆ ಹಾಗೇ ಉಳಿದವು. ನೀರು ಬರದ ಊರಿನಲ್ಲಿ ಆ ಕಟ್ಟುಗಳು ಸಡಿಲವಾದವು. ಈ ಸಂಶೋಧನೆ 1962ರಲ್ಲಿ ಇಂಗ್ಲಿಷ್ ಪುಸ್ತಕವಾಯಿತು. ಅವರು 1970ರಲ್ಲಿ ಮತ್ತೆ ಬಂದು ಅದೇ ಊರುಗಳನ್ನು ನೋಡಿ ಇನ್ನೊಂದು ಪುಸ್ತಕ ಬರೆದರು.

ನೀರಾವರಿ ಯೋಜನೆ ಬರುತ್ತದೆ ಅಂತ ಇವತ್ತು ಎದುರು ನೋಡುತ್ತಿರುವ ಯಾವ ತಾಲ್ಲೂಕಿನವರಿಗೂ ಇದು ಬೇಕಾದ ಮಾತು. ಅದನ್ನು ಹೇಳಿದ್ದು ಮಂಡ್ಯದ ರೈತರು. ಬರೆದದ್ದು ಮ್ಯಾಂಚೆಸ್ಟರಿನಲ್ಲಿ. ಓದಿದ್ದು ಬೇರೆಯವರು.

ಒಂದೇ ಕಡೆ ಇಟ್ಟರೆ ಏನಾಗುತ್ತದೆ ಅನ್ನುವುದಕ್ಕೂ ನಮ್ಮ ಕಡೆಯದೇ ಕತೆ ಇದೆ. ಮೈಸೂರಿನ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ನೆಲೆಸಿ ಅಧ್ಯಯನ ಮಾಡಿದರು. ಪುಸ್ತಕದಲ್ಲಿ ಅದರ ಹೆಸರು 'ರಾಂಪುರ'. ಇಪ್ಪತ್ತೆರಡು ವರ್ಷಗಳ ಮೇಲೆ, 1970ರ ಏಪ್ರಿಲ್ 24ರಂದು, ಅವರು ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಕೂತು ಪುಸ್ತಕ ಬರೆಯಬೇಕೆಂದಿದ್ದಾಗ, ಗಲಭೆಕೋರರು ಅವರಿದ್ದ ಕೇಂದ್ರಕ್ಕೆ ಬೆಂಕಿ ಇಟ್ಟರು. ವಿಂಗಡಿಸಿ ಸಿದ್ಧಮಾಡಿಕೊಂಡಿದ್ದ ಟಿಪ್ಪಣಿಗಳ ಮೂರು ಪ್ರತಿಗಳೂ ಅಲ್ಲೇ ಇದ್ದವು, ಮೂರೂ ಸುಟ್ಟವು. ನೆನಪನ್ನೇ ನಂಬಿ ಬರೆದ ಆ ಪುಸ್ತಕ 1976ರಲ್ಲಿ ಬಂತು. ಶ್ರೀನಿವಾಸರ ನೆನಪು ಗಟ್ಟಿ ಇತ್ತು, ಊರಿನ ಕತೆ ಉಳಿಯಿತು. ಎಲ್ಲರಿಗೂ ಆ ಅದೃಷ್ಟ ಇರುವುದಿಲ್ಲ. ಬೆಂಕಿಯೇ ಬೇಕಿಲ್ಲ, ಗೆದ್ದಲು, ಸೋರುವ ಸೂರು, ಕಟ್ಟಡ ಬದಲಾಯಿಸುವಾಗ ಎಲ್ಲೋ ಸೇರಿಹೋದ ಗಂಟು, ಇವೇ ಸಾಕು.

ಮೂರು ಬಾಗಿಲುಗಳು ಒಟ್ಟಿಗೆ ತೆರೆದದ್ದು

ಪ್ರಬಂಧಗಳನ್ನು ಕಂಪ್ಯೂಟರಿನಲ್ಲಿ ಇಡಬೇಕು ಅನ್ನುವ ಮಾತು ಗಟ್ಟಿಯಾಗಿ ಕೇಳಿಬಂದದ್ದು 1987ರಲ್ಲಿ, ಅದೇ ಆನ್ ಆರ್ಬರ್‌ನಲ್ಲಿ, ಅದೇ ಮೈಕ್ರೋಫಿಲ್ಮ್ ಕಂಪನಿ ಕರೆದ ಸಭೆಯಲ್ಲಿ. ಅಲ್ಲಿಗೆ ಹೋದವರಲ್ಲಿ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದವರೂ ಇದ್ದರು. ಆಮೇಲಿನ ಹತ್ತು ವರ್ಷ ಅವರು ಬಿಡದೆ ಈ ಕೆಲಸದ ಹಿಂದೆ ಬಿದ್ದರು.

ಅಲ್ಲಿ ಮುಂದೆ ನಿಂತ ಮೂವರು ಮೂರು ಬೇರೆ ಬೇರೆ ಕಡೆಯವರು. ಎಡ್ವರ್ಡ್ ಫಾಕ್ಸ್ ಕಂಪ್ಯೂಟರ್ ವಿಭಾಗದವರು. ಗೇಲ್ ಮ್ಯಾಕ್‌ಮಿಲನ್ ಲೈಬ್ರರಿಯವರು. ಜಾನ್ ಈಟನ್ ಪದವಿ ಕೊಡುವ ಗ್ರಾಜುಯೇಟ್ ಸ್ಕೂಲಿನವರು. ಕಂಪ್ಯೂಟರಿನವರಿಗೆ ಕಡತ ಇಡುವುದು ಗೊತ್ತು, ಆದರೆ ಪ್ರಬಂಧ ಅವರ ಕೈಗೆ ಬರುವುದಿಲ್ಲ. ಲೈಬ್ರರಿಯವರಿಗೆ ಪಟ್ಟಿ ಮಾಡುವುದು ಗೊತ್ತು, ಆದರೆ ವಿದ್ಯಾರ್ಥಿಗೆ 'ಹೀಗೇ ಕೊಡು' ಅಂತ ಹೇಳುವ ಅಧಿಕಾರ ಇಲ್ಲ. ಅಧಿಕಾರ ಇರುವುದು ಪದವಿ ಕೊಡುವ ಕಚೇರಿಗೆ, ಅವರಿಗೆ ಕಂಪ್ಯೂಟರಿನ ಕೆಲಸ ಗೊತ್ತಿಲ್ಲ. ಮೂವರೂ ಸೇರಿದಾಗಲೇ ಗಾಡಿ ಮುಂದೆ ಹೋಯಿತು.

ಆತಂಕಗಳೂ ಇದ್ದವು. ಇಂಟರ್ನೆಟ್ಟಿನಲ್ಲಿ ಹಾಕಿದರೆ ಯಾರಾದರೂ ಕದಿಯುತ್ತಾರೆ ಅಂದರು ಕೆಲವರು. ಒಮ್ಮೆ ಎಲ್ಲರಿಗೂ ಸಿಕ್ಕಿದ್ದನ್ನು ಪ್ರಕಾಶಕರು ಅಚ್ಚು ಹಾಕುವುದಿಲ್ಲ ಅಂದರು ಇನ್ನು ಕೆಲವರು. ಅದಕ್ಕೆ ವಿದ್ಯಾರ್ಥಿಗೇ ಆಯ್ಕೆ ಕೊಟ್ಟರು: ಎಲ್ಲರಿಗೂ ಬಿಡಬಹುದು, ಕ್ಯಾಂಪಸ್ಸಿನೊಳಗೆ ಮಾತ್ರ ಬಿಡಬಹುದು, ಕೆಲವು ಕಾಲ ತಡೆದಿಡಬಹುದು. 1997ರ ಜನವರಿ 1ರಿಂದ ವರ್ಜೀನಿಯಾ ಟೆಕ್‌ನಲ್ಲಿ ಪ್ರಬಂಧವನ್ನು ಎಲೆಕ್ಟ್ರಾನಿಕ್ ರೂಪದಲ್ಲಿ ಕೊಡುವುದು ಕಡ್ಡಾಯವಾಯಿತು. ಹೀಗೆ ಕಡ್ಡಾಯ ಮಾಡಿದ ಮೊದಲ ವಿಶ್ವವಿದ್ಯಾಲಯ ಅದು. ಅದರ ಹಿಂದಿನ ವರ್ಷವೇ ಇಂಥ ವಿಶ್ವವಿದ್ಯಾಲಯಗಳ ಒಂದು ಕೂಟ ಕಟ್ಟಿದ್ದರು. ಹೆಸರಿನ ಮೊದಲ ಪದ ಆಗ 'ನ್ಯಾಷನಲ್'. ಬೇರೆ ದೇಶದವರೂ ಸೇರತೊಡಗಿದ ಮೇಲೆ ಅದನ್ನು 'ನೆಟ್‌ವರ್ಕ್ಡ್' ಅಂತ ಬದಲಾಯಿಸಿದರು. ಹಾಗೆ ಸೇರಿದವರಲ್ಲಿ ಮೈಸೂರಿನ ನಂಟೂ ಒಂದು.

ಮಾನಸಗಂಗೋತ್ರಿಯ 'ವಿದ್ಯಾನಿಧಿ'

ಮೈಸೂರು ವಿಶ್ವವಿದ್ಯಾಲಯ ಶುರುವಾದದ್ದು 1916ರಲ್ಲಿ. ಹಳೇ ಬರಹವನ್ನು ಹುಡುಕಿ ಉಳಿಸುವ ಅಭ್ಯಾಸ ಈ ಊರಿಗೆ ಅದಕ್ಕೂ ಹಿಂದಿನದು. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿಯನ್ನು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದ ಆರ್. ಶಾಮಶಾಸ್ತ್ರಿಗಳು ಕೆಲಸ ಮಾಡುತ್ತಿದ್ದದ್ದು ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ. ಆ ಸಂಸ್ಥೆ ಮುಂದೆ ವಿಶ್ವವಿದ್ಯಾಲಯದ ಭಾಗವಾಯಿತು.

2000ನೇ ಇಸವಿಯಲ್ಲಿ ಇದೇ ವಿಶ್ವವಿದ್ಯಾಲಯದ ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನ ವಿಭಾಗ 'ವಿದ್ಯಾನಿಧಿ' ಎಂಬ ಯೋಜನೆಗೆ ಕೈ ಹಾಕಿತು. ಮುಂದಾಳತ್ವ ಪ್ರೊ. ಶಾಲಿನಿ ಅರಸ್ ಅವರದು. ಅವರು ವರ್ಜೀನಿಯಾ ಟೆಕ್‌ನಲ್ಲಿ ಫುಲ್‌ಬ್ರೈಟ್ ಫೆಲೋ ಆಗಿ ಅಲ್ಲಿನ ಕೆಲಸವನ್ನು ಹತ್ತಿರದಿಂದ ಕಂಡವರು. ಮೊದಲು ಪ್ರಾಯೋಗಿಕ ಯೋಜನೆಯಾಗಿ ಕೇಂದ್ರ ಸರ್ಕಾರದ 'ನಿಸ್ಸಾಟ್' ಕಾರ್ಯಕ್ರಮದಿಂದ ಹಣ ಬಂತು. ಆಮೇಲೆ ಫೋರ್ಡ್ ಫೌಂಡೇಶನ್, ಮೈಕ್ರೋಸಾಫ್ಟ್ ಇಂಡಿಯಾ ಕೈಜೋಡಿಸಿದವು. 2001ರಲ್ಲೇ ಅಮೆರಿಕದ ಒಂದು ಪ್ರಮುಖ ಕಂಪ್ಯೂಟರ್ ಪತ್ರಿಕೆಯಲ್ಲಿ ಮೈಸೂರಿನ ಈ ಕೆಲಸದ ಬಗ್ಗೆ ಲೇಖನ ಬಂತು.

ಆಗಿನ ಕಾಲ ನೆನಪು ಮಾಡಿಕೊಳ್ಳಿ. ಮನೆಯಲ್ಲಿ ಕಂಪ್ಯೂಟರ್ ಇದ್ದವರು ವಿರಳ. ಇಂಟರ್ನೆಟ್ ಬೇಕಾದರೆ ಸೈಬರ್ ಕೆಫೆ. ಎಷ್ಟೋ ಸಂಶೋಧಕರು ಕೈಬರಹದ ಕಟ್ಟನ್ನು ಡಿಟಿಪಿ ಅಂಗಡಿಗೆ ಕೊಟ್ಟು ಬರುತ್ತಿದ್ದರು. ಬೈಂಡು ಮಾಡಿದ ಪ್ರತಿ ಅವರ ಕೈಗೆ, ಕಂಪ್ಯೂಟರಿನ ಪ್ರತಿ ಅಂಗಡಿಯ ಫ್ಲಾಪಿಯಲ್ಲಿ. ಅಂಗಡಿ ಮುಚ್ಚಿದರೆ ಅದೂ ಹೋಯಿತು.

ಹಾಗಾಗಿ ವಿದ್ಯಾನಿಧಿ ಎರಡು ಮೂರು ಕೆಲಸ ಒಟ್ಟಿಗೆ ಮಾಡಿತು. ಒಂದು, ದೇಶದ ಪ್ರಬಂಧಗಳ ಪಟ್ಟಿ. ಯಾರು, ಯಾವ ವಿಷಯ, ಯಾವ ವರ್ಷ, ಎಲ್ಲಿ ಅಂತ ಹತ್ತಾರು ಸಾವಿರ ಪ್ರಬಂಧಗಳ ವಿವರ ಒಂದೇ ಕಡೆ ಹುಡುಕಲು ಸಿಗುವ ಹಾಗೆ ಮಾಡಿದರು. ಎರಡು, ಪೂರ್ತಿ ಪ್ರಬಂಧಗಳನ್ನೇ ಕಂಪ್ಯೂಟರಿನಲ್ಲಿ ಇಡುವುದು. ಮೂರು, ಸಂಶೋಧನಾ ವಿದ್ಯಾರ್ಥಿಗಳಿಗೆ ತರಬೇತಿ. ಮೊದಲಿನಿಂದಲೇ ಕಂಪ್ಯೂಟರಿನಲ್ಲಿ, ಒಂದು ನಮೂನೆಯಲ್ಲಿ ಬರೆದರೆ ಮುಂದೆ ಸ್ಕ್ಯಾನ್ ಮಾಡುವ ಗೋಜೇ ಇರುವುದಿಲ್ಲ ಅನ್ನುವುದು ಅವರ ಲೆಕ್ಕ. ಬಿತ್ತುವಾಗಲೇ ಸಾಲು ನೆಟ್ಟಗಿದ್ದರೆ ಕಳೆ ಕೀಳುವುದು ಸುಲಭ ಅಂತ ನಮ್ಮ ರೈತರು ಮಾಡುವ ಲೆಕ್ಕವೂ ಅದೇ.

ಕನ್ನಡ ಅಕ್ಷರದ ತೊಡಕು

ಮೈಸೂರಿನಲ್ಲಿ ಒಂದು ಹೆಚ್ಚಿನ ತೊಡಕಿತ್ತು. ನಮ್ಮ ಪ್ರಬಂಧಗಳಲ್ಲಿ ಕನ್ನಡದವೂ ಬಹಳ. ಕನ್ನಡ ಸಾಹಿತ್ಯ, ಜಾನಪದ, ಇತಿಹಾಸ ಅಂದರೆ ಕನ್ನಡದಲ್ಲೇ ಬರೆಯುತ್ತಾರೆ. ಅವುಗಳ ಹೆಸರನ್ನು ಪಟ್ಟಿಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ, ಹುಡುಕುವವರು ಯಾವ ಸ್ಪೆಲಿಂಗ್ ಹೊಡೆಯಬೇಕು?

ಆ ದಿನಗಳಲ್ಲಿ ಕಂಪ್ಯೂಟರಿನ ಕನ್ನಡ ಅಂದರೆ ಬಹುಮಟ್ಟಿಗೆ ಫಾಂಟಿನ ಆಟ. ಒಳಗೆ ಇಂಗ್ಲಿಷಿನ ಸಂಕೇತಗಳೇ ಇರುತ್ತಿದ್ದವು, ಮೇಲೆ ಕನ್ನಡದ ವೇಷ. ಅದೇ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಚಿಹ್ನೆಗಳ ಕಲಸುಮೇಲೋಗರ. ಜಿಲ್ಲೆಯಿಂದ ಸುದ್ದಿ ಕಳಿಸುವ ನಮಗೆ ಇದು ಚೆನ್ನಾಗಿ ಗೊತ್ತಿರುವ ಗೋಳು. ಹಳೇ ನುಡಿ ಫಾಂಟಿನಲ್ಲಿ ಹೊಡೆದದ್ದನ್ನು ವಾಟ್ಸಾಪಿಗೆ ಹಾಕಿದರೆ ಏನು ಬರುತ್ತದೆ ಅಂತ ನೀವೂ ನೋಡಿರುತ್ತೀರಿ.

ಇದಕ್ಕೆ ಪರಿಹಾರ ಯುನಿಕೋಡ್. ಲೋಕದ ಪ್ರತಿ ಅಕ್ಷರಕ್ಕೂ ಒಂದು ಸ್ಥಿರ ಸಂಖ್ಯೆ ಕೊಡುವ ಪದ್ಧತಿ ಅದು. ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಜಾಗ ಸಿಕ್ಕಿತ್ತು. ಆದರೆ ಜಾಗ ಇದ್ದ ಮಾತ್ರಕ್ಕೆ ಬಳಕೆಗೆ ಬರುವುದಿಲ್ಲ. ಟೈಪು ಮಾಡಬೇಕು, ಒತ್ತಕ್ಷರ ಸರಿಯಾಗಿ ಕಾಣಬೇಕು, ಅಕಾರಾದಿಯಾಗಿ ಸಾಲುಗೂಡಬೇಕು. ವಿದ್ಯಾನಿಧಿಯವರು ಕನ್ನಡ ಮತ್ತು ಹಿಂದಿ ಪ್ರಬಂಧಗಳ ವಿವರವನ್ನು ಆಯಾ ಲಿಪಿಯಲ್ಲೇ, ಯುನಿಕೋಡಿನಲ್ಲೇ ಇಟ್ಟು ನೋಡಿದರು. ಎಲ್ಲಿ ಸರಿಹೋಯಿತು, ಎಲ್ಲಿ ತೊಡಕಾಯಿತು ಅಂತ 2002ರಲ್ಲಿ ಲೇಖನ ಬರೆದು ಹೊರಗಿನವರ ಮುಂದೆ ಇಟ್ಟರು. ಕನ್ನಡದಲ್ಲಿ ಹೊಡೆದು ಕನ್ನಡದ್ದನ್ನೇ ಹುಡುಕುವುದು ಇವತ್ತು ನಮಗೆ ಸಹಜ. ಆಗ ಅದು ಒಂದು ಪ್ರಯೋಗ. ಇಲ್ಲೂ ಗಮನಿಸಬೇಕಾದದ್ದು, ಈ ಕೆಲಸ ಗ್ರಂಥಾಲಯದವರಿಂದ ಮಾತ್ರ ಆಗುವಂಥದ್ದಲ್ಲ. ಕನ್ನಡ ಬಲ್ಲವರು ಬೇಕು, ಕಂಪ್ಯೂಟರ್ ಬಲ್ಲವರೂ ಬೇಕು.

ಯಾರ ಕೈಯಲ್ಲಿ ಏನಿದೆ

ನಮ್ಮ ಯಾವ ವಿಶ್ವವಿದ್ಯಾಲಯವನ್ನೇ ತೆಗೆದುಕೊಳ್ಳಿ, ಒಂದು ಥೀಸಿಸ್ಸಿನ ತುಂಡುಗಳು ಹಲವು ಕೋಣೆಗಳಲ್ಲಿ ಚದುರಿರುತ್ತವೆ.

ಯಾರು ಯಾವಾಗ ನೋಂದಣಿಯಾದರು ಅನ್ನುವ ಪಟ್ಟಿ ಪಿಎಚ್.ಡಿ. ಶಾಖೆಯಲ್ಲಿ. ಯಾವ ಪ್ರತಿ ಅಂತಿಮವಾಗಿ ಒಪ್ಪಿಗೆಯಾಯಿತು ಅನ್ನುವುದು ಪರೀಕ್ಷಾ ವಿಭಾಗದಲ್ಲಿ. ಬೈಂಡು ಮಾಡಿದ ಪುಸ್ತಕ ಲೈಬ್ರರಿಯಲ್ಲಿ. ಹಾಡಿನ ಕ್ಯಾಸೆಟ್ಟು, ಫೋಟೋ, ಪ್ರಶ್ನಾವಳಿಯ ಗಂಟು ಆಯಾ ವಿಷಯದ ವಿಭಾಗದ ಬೀರುವಿನಲ್ಲಿ, ಇಲ್ಲವೇ ಗೈಡಿನ ಮನೆಯಲ್ಲಿ. ಸರ್ವರ್ ಕಂಪ್ಯೂಟರ್ ಕೇಂದ್ರದಲ್ಲಿ. 'ಹಾಕಿಕೊಳ್ಳಿ' ಅಂತ ಒಪ್ಪಿಗೆ ಕೊಡುವ ಹಕ್ಕು ಬರೆದವರದು. ಅವರು ಈಗ ಎಲ್ಲೋ ಒಂದು ಕಾಲೇಜಿನಲ್ಲಿ ಮೇಷ್ಟರು, ಇಲ್ಲವೇ ನಿವೃತ್ತರು.

ಕೆಲಸವೂ ಹಾಗೇ ಹಂಚಿಹೋಗುತ್ತದೆ. ಹಳೇ ಪ್ರಬಂಧದ ಬೈಂಡು ಬಿಚ್ಚಬೇಕೇ, ಹಾಗೇ ತೆರೆದಿಟ್ಟು ಸ್ಕ್ಯಾನ್ ಮಾಡಬೇಕೇ ಅಂತ ಲೈಬ್ರರಿಯವರು ನೋಡಬೇಕು. ಹೆಸರು, ವಿಷಯ, ವರ್ಷ, ಗೈಡು, ಮುಖ್ಯ ಪದಗಳು, ಇವನ್ನು ಸರಿಯಾಗಿ ತುಂಬದಿದ್ದರೆ ಸ್ಕ್ಯಾನ್ ಮಾಡಿಯೂ ಪ್ರಯೋಜನವಿಲ್ಲ. ಅಂಚೆ ವಿಳಾಸ ಬರೆಯದ ಕಾಗದದ ಹಾಗೆ ಅದು. ಯಾವ ಪದ ಹಾಕಬೇಕು ಅನ್ನುವುದು ವಿಷಯ ಬಲ್ಲವರಿಗೆ ಗೊತ್ತು. 'ಕರಪಾಲ ಮೇಳ'ವನ್ನು ಬರೀ 'ಸಂಗೀತ' ಅಂತ ಬರೆದುಬಿಟ್ಟರೆ ಹುಡುಕುವವರಿಗೆ ಅದು ಸಿಗುವುದೇ ಇಲ್ಲ. ಹಾಗಾಗಿ ಜಾನಪದ ವಿಭಾಗದವರು ಲೈಬ್ರರಿಯವರ ಪಕ್ಕ ಕೂರಲೇಬೇಕು.

ಎಲ್ಲಿ ಈ ಕೋಣೆಗಳ ನಡುವೆ ಮಾತು ನಡೆಯುವುದಿಲ್ಲವೋ ಅಲ್ಲಿ 'ಅದು ನಮ್ಮ ಕೆಲಸವಲ್ಲ' ಅನ್ನುವ ಉತ್ತರ ಸಿಗುತ್ತದೆ. ಸರ್ಕಾರಿ ಕಚೇರಿಗೆ ಅಲೆದ ಯಾರಿಗೂ ಈ ಉತ್ತರ ಹೊಸದಲ್ಲ.

ಶೋಧಗಂಗೆ ಹರಿದದ್ದು

ದೇಶದ ಮಟ್ಟದಲ್ಲಿ ಇದನ್ನು ನಿಯಮವಾಗಿ ತಂದದ್ದು ಯುಜಿಸಿ. 2009ರ ಎಂ.ಫಿಲ್., ಪಿಎಚ್.ಡಿ. ನಿಯಮಾವಳಿಯಲ್ಲಿ, ಮೌಲ್ಯಮಾಪನ ಮುಗಿದು ಪದವಿ ಘೋಷಣೆಯಾದ ಮೇಲೆ 30 ದಿನದೊಳಗೆ ಪ್ರಬಂಧದ ಸಾಫ್ಟ್ ಕಾಪಿ ಕಳಿಸಬೇಕು ಅಂತ ವಿಶ್ವವಿದ್ಯಾಲಯಗಳಿಗೆ ಹೇಳಿದರು. ಅದನ್ನು ಇಡುವ ಹೊಣೆ ಗುಜರಾತಿನ ಗಾಂಧಿನಗರದಲ್ಲಿರುವ ಇನ್‌ಫ್ಲಿಬ್‌ನೆಟ್ ಕೇಂದ್ರದ್ದು. ಆ ಸಂಗ್ರಹದ ಹೆಸರೇ 'ಶೋಧಗಂಗಾ'. ಅದು ನಡೆಯುವುದು ಅಮೆರಿಕದ ಎಂಐಟಿ ಮತ್ತು ಎಚ್‌ಪಿ ಕಂಪನಿ ಸೇರಿ 2002ರಲ್ಲಿ ಎಲ್ಲರಿಗೂ ಉಚಿತವಾಗಿ ಬಿಟ್ಟ 'ಡಿಸ್ಪೇಸ್' ಎಂಬ ತಂತ್ರಾಂಶದ ಮೇಲೆ.

ಮುಂದೆ 2016ರ ನಿಯಮದಲ್ಲಿ ಒಂದು ಸಣ್ಣ ಬದಲಾವಣೆ ಆಯಿತು. ಮೊದಲು ಪದವಿ ಆದ 'ಮೇಲೆ' ಕಳಿಸಬೇಕಿತ್ತು. ಈಗ ಪದವಿ ಘೋಷಿಸುವ 'ಮುಂಚೆ' ಕಳಿಸಬೇಕು. ಎರಡು ಪದದ ವ್ಯತ್ಯಾಸ, ಆದರೆ ಪರಿಣಾಮ ದೊಡ್ಡದು. ಕೊಯ್ಲು ಮುಗಿಸಿ ಕೂಲಿ ಪಡೆದುಹೋದ ಮೇಲೆ ಯಾರೂ ತಿರುಗಿ ಬರುವುದಿಲ್ಲ. ಪದವಿ ಕೈಗೆ ಬರುವ ಮುಂಚೆ ಅಂದಾಗ ವಿದ್ಯಾರ್ಥಿ, ಗೈಡು, ಲೈಬ್ರರಿ, ಪರೀಕ್ಷಾ ವಿಭಾಗ ಎಲ್ಲರೂ ಒಂದೇ ದಾರದಲ್ಲಿ ಕಟ್ಟಿಕೊಳ್ಳಲೇಬೇಕು. ವರ್ಜೀನಿಯಾದಲ್ಲಿ 1997ರಲ್ಲಿ ಕಲಿತ ಪಾಠವೂ ಇದೇ: ಕೈಜೋಡಿಸಿ ಅಂತ ಕೇಳಿಕೊಳ್ಳುವುದರ ಜೊತೆಗೆ, ಕೈ ಜೋಡಿಸದೆ ಕೆಲಸ ಮುಗಿಯದ ಹಾಗೆ ನಿಯಮ ಇರಬೇಕು.

ಈಗ ಶೋಧಗಂಗಾದಲ್ಲಿ ಐದು ಲಕ್ಷಕ್ಕೂ ಹೆಚ್ಚು ಪ್ರಬಂಧಗಳಿವೆ. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳವೂ ಇವೆ, ಕನ್ನಡದಲ್ಲಿ ಬರೆದವೂ ಇವೆ. ಬೆಳಕಿಗೆ ಬಂದಾಗ ಕಳ್ಳತನವೂ ಕಾಣುತ್ತದೆ. ಇನ್ನೊಬ್ಬರ ಪುಟಗಳನ್ನು ಹಾಗೇ ಎತ್ತಿ ಬರೆದ ಪ್ರಬಂಧ ಕಪಾಟಿನಲ್ಲಿದ್ದಾಗ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. 2018ರಲ್ಲಿ ಯುಜಿಸಿ ಕೃತಿಚೌರ್ಯದ ವಿರುದ್ಧ ಪ್ರತ್ಯೇಕ ನಿಯಮವನ್ನೇ ತಂದಿತು. ಶೇ 10ರವರೆಗಿನ ಹೋಲಿಕೆಗೆ ಶಿಕ್ಷೆ ಇಲ್ಲ. ಅದಕ್ಕಿಂತ ಮೇಲೆ ಹಂತ ಹಂತವಾಗಿ ಶಿಕ್ಷೆ. ಶೇ 60 ದಾಟಿದರೆ ನೋಂದಣಿಯೇ ರದ್ದು.

ಎರಡು ಎಚ್ಚರಿಕೆ

ಎಲ್ಲರಿಗೂ ಸಿಗುವುದು ಒಳ್ಳೆಯದು ಅಂತ ಕಣ್ಣು ಮುಚ್ಚಿ ಹೇಳಲಾಗದು. ಎಪ್‌ಸ್ಟೀನ್, ಶ್ರೀನಿವಾಸ್ ಊರಿನ ಹೆಸರನ್ನೇ ಮರೆಮಾಡಿದ್ದರು. ಯಾರ ಮನೆಯ ಸಾಲ, ಯಾರ ಮನೆಯ ಜಗಳ ಅಂತ ಹೊರಗೆ ತಿಳಿಯಬಾರದು ಅನ್ನುವ ಕಾಳಜಿ ಅದು. ಕಪಾಟಿನಲ್ಲಿದ್ದಾಗ ಹತ್ತು ಜನ ಓದುತ್ತಿದ್ದ ಪುಟವನ್ನು ಈಗ ಗೂಗಲ್ ಹುಡುಕಿಕೊಡುತ್ತದೆ. ಮಾಹಿತಿ ಕೊಟ್ಟವರ ಹೆಸರು, ಜಾತಿ, ಕಾಯಿಲೆ, ಫೋನ್ ನಂಬರು ಅನುಬಂಧದಲ್ಲಿ ಹಾಗೇ ಇದ್ದರೆ ಗತಿಯೇನು? ಹಾಕುವ ಮುಂಚೆ ಅದನ್ನು ನೋಡಿ ತೆಗೆಯುವ ಕಣ್ಣು ವಿಷಯ ವಿಭಾಗದಲ್ಲೇ ಇರಬೇಕು. ಸ್ಕ್ಯಾನ್ ಮಾಡುವವರಿಗೆ ಅದು ತಿಳಿಯುವುದಿಲ್ಲ. ಇದರ ಇನ್ನೊಂದು ಮುಖವೂ ಇದೆ. ಸಾವಿರ ಸಾಲು ಹಾಡಿದ ಅಜ್ಜಿಗೆ ತನ್ನ ಹೆಸರು ಇರಬೇಕು ಅನ್ನುವ ಆಸೆ ಇರಬಹುದು. ಯಾವುದನ್ನು ಮುಚ್ಚಬೇಕು, ಯಾವುದನ್ನು ಹೇಳಬೇಕು ಅಂತ ಅವರನ್ನೇ ಕೇಳಬೇಕು.

ಎರಡನೆಯದು, ಕಂಪ್ಯೂಟರಿಗೆ ಹಾಕಿದ್ದು ಶಾಶ್ವತ ಅಲ್ಲ. ಬ್ರಿಟನ್ನಿನ ಐದು ಲಕ್ಷಕ್ಕೂ ಹೆಚ್ಚು ಪ್ರಬಂಧಗಳ ವಿವರ ಇದ್ದದ್ದು ಬ್ರಿಟಿಷ್ ಲೈಬ್ರರಿಯ 'ಎಥೋಸ್' ಎಂಬ ವ್ಯವಸ್ಥೆಯಲ್ಲಿ. 2023ರ ಅಕ್ಟೋಬರಿನಲ್ಲಿ ಆ ಲೈಬ್ರರಿಯ ಮೇಲೆ ಸೈಬರ್ ದಾಳಿ ಆಯಿತು. ಎಥೋಸ್ ನಿಂತುಹೋಯಿತು, ವರ್ಷ ದಾಟಿದರೂ ಮೇಲೇಳಲಿಲ್ಲ. 1970ರಲ್ಲಿ ಶ್ರೀನಿವಾಸರ ಮೂರು ಪ್ರತಿಗಳೂ ಒಂದೇ ಕಡೆ ಇದ್ದದ್ದು ಮತ್ತು ಇದು ಬೇರೆಯೇನಲ್ಲ. ಪ್ರತಿಗಳು ಬೇರೆ ಬೇರೆ ಕಡೆ ಇರಬೇಕು. ಬೀಜವನ್ನು ಒಂದೇ ಗುಡಾಣದಲ್ಲಿ ಇಡಬಾರದು. ಕಾಗದದ ಪ್ರತಿಯನ್ನು 'ಸ್ಕ್ಯಾನ್ ಆಯಿತಲ್ಲ' ಅಂತ ರದ್ದಿಗೆ ಹಾಕಬಾರದು.

ನೀವು ಏನು ಮಾಡಬಹುದು

ಫೋನಿನಲ್ಲಿ 'ಶೋಧಗಂಗಾ' ಅಂತ ಹುಡುಕಿ. ತೆರೆದ ಮೇಲೆ ಹುಡುಕುವ ಜಾಗದಲ್ಲಿ ನಿಮ್ಮ ತಾಲ್ಲೂಕು, ಜಿಲ್ಲೆ, ನದಿ, ದೇವರು, ಬೆಳೆ, ಕುಲಕಸುಬು, ಯಾವುದಾದರೂ ಹೆಸರು ಹೊಡೆಯಿರಿ. ಕನ್ನಡದಲ್ಲೂ ಹೊಡೆದು ನೋಡಿ, ಇಂಗ್ಲಿಷಿನಲ್ಲೂ ಎರಡು ಮೂರು ಸ್ಪೆಲಿಂಗ್ ಹಾಕಿ ನೋಡಿ. ಪ್ರಬಂಧ ಅಧ್ಯಾಯ ಅಧ್ಯಾಯವಾಗಿ ಬೇರೆ ಬೇರೆ ಪಿಡಿಎಫ್ ಆಗಿರುತ್ತದೆ. ಪೂರ್ತಿ ಇಳಿಸಿಕೊಳ್ಳಬೇಕಿಲ್ಲ. ಮೊದಲು ಪರಿವಿಡಿ ತೆರೆದು, ನಿಮಗೆ ಬೇಕಾದ ಅಧ್ಯಾಯ ಮಾತ್ರ ಇಳಿಸಿಕೊಂಡರೆ ಡೇಟಾ ಉಳಿಯುತ್ತದೆ. ಫೋನಿನಲ್ಲಿ ಓದಲು ಕಷ್ಟವಾದರೆ ನಿಮ್ಮ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಕಂಪ್ಯೂಟರ್ ಇದೆಯೇ ನೋಡಿ. ರಾಜ್ಯದಲ್ಲಿ ಅಂಥ ಗ್ರಂಥಾಲಯಗಳು ಐದು ಸಾವಿರಕ್ಕೂ ಹೆಚ್ಚಿವೆ.

ಊರಿನ ಬಗ್ಗೆ ಬರೆದದ್ದರಲ್ಲಿ ತಪ್ಪು ಕಂಡರೆ ಆಶ್ಚರ್ಯಪಡಬೇಡಿ. ದೇವರ ಹೆಸರು ಅದಲುಬದಲಾಗಿರಬಹುದು, ಒಂದು ಕೇರಿಯ ಮಾತು ಮಾತ್ರ ಕೇಳಿ ಇಡೀ ಊರಿನ ಕತೆ ಬರೆದಿರಬಹುದು. ಪ್ರಬಂಧ ಕಪಾಟಿನಲ್ಲಿದ್ದಾಗ ಅದನ್ನು ಪರೀಕ್ಷಿಸಿದ್ದು ಇಬ್ಬರೋ ಮೂವರೋ ಪ್ರಾಧ್ಯಾಪಕರು. ಈಗ ಊರಿನವರೂ ಪರೀಕ್ಷಕರಾಗಬಹುದು. ಗೊತ್ತಿದ್ದವರು ಬರೆದಿಡಿ, ನಮಗೂ ಕಳಿಸಿ, ಹಾಕುತ್ತೇವೆ.

ಮುಂದಿನ ಸಲ ಊರಿಗೆ ಸಂಶೋಧಕರು ಬಂದಾಗ ಕಾಫಿ ಕೊಡಿ, ಮಾತೂ ಕೊಡಿ. ಜೊತೆಗೆ ಮೂರು ಪ್ರಶ್ನೆ ಕೇಳಿ. ಪ್ರಬಂಧದ ಹೆಸರೇನು? ಯಾವ ವಿಶ್ವವಿದ್ಯಾಲಯಕ್ಕೆ ಯಾವ ವರ್ಷ ಕೊಡುತ್ತೀರಿ? ನಮ್ಮ ಹೆಸರು ಅದರಲ್ಲಿ ಇರುತ್ತದೆಯೋ ಇಲ್ಲವೋ? ಉತ್ತರವನ್ನು ಅರಿವು ಕೇಂದ್ರದ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನಾಲ್ಕೈದು ವರ್ಷ ಬಿಟ್ಟು ಆ ಹೆಸರನ್ನು ಫೋನಿನಲ್ಲಿ ಹೊಡೆಯಿರಿ. ಸಿಗದಿದ್ದರೆ ಆ ವಿಶ್ವವಿದ್ಯಾಲಯದ ಲೈಬ್ರರಿಗೆ ಒಂದು ಕಾಗದ ಬರೆಯಿರಿ. ಅದನ್ನು ಕೇಳುವ ಹಕ್ಕು ನಿಮಗೆ ಇದೆ.